ಬೇಡಮ್ಮನ ಬಿಡುಗಡೆ

ಖರ್ಚಿನ ಕಾಗದ ಯಾವುದೇ ಬರಲಿ, ಅದನ್ನು ತಲೆಯಿಂದ ಕಾಲಿನವರೆಗೆ ಓದಿ, ಕನ್ನಡಕ ತೆಗೆದು ಒರೆಸಿ, ಮತ್ತೊಮ್ಮೆ ಓದಿ, ಕೆಳಗೆ 'ಬೇಡ' ಎಂದು ಬರೆಯುವುದು ಆಕೆಯ ಕ್ರಮ. 'ಸದ್ಯಕ್ಕೆ ಬೇಡ' ಎಂದೋ 'ಮುಂದೆ ನೋಡೋಣ' ಎಂದೋ ಬರೆದು ಮನುಷ್ಯರನ್ನು ಆಸೆಯಲ್ಲಿ ಕೂರಿಸುವ ಚಾಳಿ ಇರಲಿಲ್ಲ. ಹೀಗಾಗಿ ಕಚೇರಿಯವರು ಬೇಡಮ್ಮ ಎಂದು ಕರೆದರು, ಕಚೇರಿಗೆ ಬಂದುಹೋಗುವವರು ಬೇಡಮ್ಮ ಎಂದರು, ಕೊನೆಗೆ ಮನೆಯಲ್ಲಿ ಗಂಡನೂ ಅದನ್ನೇ ರೂಢಿಮಾಡಿಕೊಂಡ. ಆಕೆಗೆ ಬೇಸರವಾಗಲಿಲ್ಲ. ಆ ಹೆಸರಿಗೆ ಯಾರೂ ಏನೂ ಖರ್ಚು ಮಾಡಿರಲಿಲ್ಲ.

ಊರಿನ ಕುಡಿಯುವ ನೀರು, ಬೀದಿ ದೀಪ, ರಸ್ತೆ, ಈ ಮೂರನ್ನು ನೋಡಿಕೊಳ್ಳುವ ಸರ್ಕಾರಿ ಕಚೇರಿ ಅದು. ಬೇಡಮ್ಮ ಅಲ್ಲಿ ಮಿತವ್ಯಯ ಶಾಖೆಯ ಅಧಿಕಾರಿ. ಆಕೆ ಬಂದ ಹೊಸತರಲ್ಲಿ ಕಚೇರಿ ತಳ ಒಡೆದ ಬಿಂದಿಗೆಯಂತಿತ್ತು. ಹಿತ್ತಲಲ್ಲಿ ಇಟ್ಟಿಗೆಗಳ ಮೇಲೆ ಕೂತಿದ್ದ ಎಂಜಿನ್ ಇಲ್ಲದ ಜೀಪು ತಿಂಗಳು ತಿಂಗಳು ಪೆಟ್ರೋಲು ಕುಡಿಯುತ್ತಿತ್ತು. ಯಾವುದೋ ಕಾಲದಲ್ಲಿ ಬಿದ್ದುಹೋದ ಹಿಂಬದಿಯ ಗೋಡೆಗೆ ವರ್ಷ ವರ್ಷ ಸುಣ್ಣ ಹೊಡೆಯಲಾಗುತ್ತಿತ್ತು. ಗೋಡೆ ಬಿದ್ದಿದೆ ಎಂದು ಬರೆದರೆ ಹೊಸ ಗೋಡೆ ಕಟ್ಟಬೇಕಾದೀತು, ಅದಕ್ಕಿಂತ ಸುಣ್ಣವೇ ಅಗ್ಗ ಎಂಬುದು ಆಗಿನ ಗುಮಾಸ್ತರ ವಾದ. ಬೇಡಮ್ಮ ಅಳತೆಪಟ್ಟಿ ಹಿಡಿದು ಹಿತ್ತಲಿಗೆ ಹೋದಳು, ಇಲ್ಲದ ಗೋಡೆಯ ಉದ್ದ ಎತ್ತರ ಅಳೆದಳು, ಎರಡಕ್ಕೂ ಸೊನ್ನೆ ಬರೆದು ಸಹಿ ಹಾಕಿದಳು. ಸುಣ್ಣದ ಗುತ್ತಿಗೆದಾರ ಮನೆಯ ಮುಂದೆ ನಿಂತು ಬಾಯಿಗೆ ಬಂದದ್ದೆಲ್ಲ ಬೈದ. ಆಕೆ ಕಿಟಕಿ ಮುಚ್ಚಿ ತನ್ನ ಕೆಲಸ ನೋಡಿಕೊಂಡಳು.

ಸರ್ಕಾರದ ಹಣ ಯಾರಪ್ಪನದೂ ಅಲ್ಲ ಎಂದು ಎಲ್ಲರೂ ಹೇಳುತ್ತಾರೆ, ಹೇಳುತ್ತಲೇ ಬಾಚಿಕೊಳ್ಳುತ್ತಾರೆ. ಬೇಡಮ್ಮನ ಮಟ್ಟಿಗೆ ಅದು ಬೀದಿಯಲ್ಲಿ ಹೋಗುವ ಪ್ರತಿಯೊಬ್ಬನ ಅಪ್ಪನದು. ಮೂಲೆಯಂಗಡಿಯ ದರ್ಜಿ ಒಂದು ದಾರದುಂಡೆ ಕೊಂಡರೂ ಅದರಲ್ಲಿ ಸರ್ಕಾರಕ್ಕೆ ಒಂದೆಳೆ ಕೊಟ್ಟಿರುತ್ತಾನೆ. ಆ ಎಳೆ ಎಲ್ಲಿ ಹೋಯಿತು ಎಂದು ಅವನು ಬಂದು ಕೇಳುವುದಿಲ್ಲ, ಅವನಿಗೆ ಅಂಗಡಿ ಬಿಟ್ಟು ಬರಲು ಪುರಸೊತ್ತಿಲ್ಲ. ಅವನ ಪರವಾಗಿ ಕೇಳಲು ಒಬ್ಬಳಾದರೂ ಇರಲಿ ಎಂದು ಆಕೆ ಕೂತಿದ್ದಳು. ಈ ವಿಚಾರದಲ್ಲಿ ಆಕೆಯ ತಪ್ಪೇನೂ ಇರಲಿಲ್ಲ.

ದೊಡ್ಡ ತೂತುಗಳೆಲ್ಲ ಮುಚ್ಚಿದ ಮೇಲೂ ಕೈ ಸುಮ್ಮನಿರಲಿಲ್ಲ, ಅಷ್ಟೆ. ಹೊಸ ಪೆನ್ಸಿಲ್ ಬೇಕಾದವರು ಹಳೆಯದರ ಮೋಟು ತಂದೊಪ್ಪಿಸಬೇಕು ಎಂದಾಯಿತು. ಮೋಟು ಬೆರಳಿಗೆ ಸಿಗುವಷ್ಟು ಉದ್ದವಿದ್ದರೆ ವಾಪಸು. ಗೋಡೆ ಗಡಿಯಾರಕ್ಕೆ ಕೀಲಿ ಕೊಡುವವನ ಹುದ್ದೆ ಹೋಯಿತು. ಗಡಿಯಾರ ಮೂರೂವರೆಗೆ ನಿಂತಿತು. ಹೊತ್ತು ಮೀರಿ ದುಡಿದೆವೆಂದು ಹೆಚ್ಚುವರಿ ಭತ್ಯೆ ಕೇಳುತ್ತಿದ್ದವರು ಯಾವ ಹೊತ್ತು ಎಂದು ತೋರಿಸಲಾಗದೆ ಬಾಯಿ ಮುಚ್ಚಿಕೊಂಡರು. ಇದು ಆಕೆ ಲೆಕ್ಕ ಹಾಕಿ ಮಾಡಿದ್ದಲ್ಲ, ಆದರೂ ವರ್ಷದ ಕೊನೆಯ ವರದಿಯಲ್ಲಿ ಉಳಿತಾಯದ ಪಾಲಿಗೆ ಸೇರಿಸಿದಳು.

ಆಮೇಲೆ ಹುದ್ದೆಗಳ ಸರದಿ ಬಂತು. ಯಾರಾದರೂ ನಿವೃತ್ತರಾದರೆ ಆ ಜಾಗಕ್ಕೆ ಹೊಸಬರು ಬೇಡ, ಇರುವವರಲ್ಲೇ ಒಬ್ಬರಿಗೆ ಪ್ರಭಾರ ವಹಿಸಿದರೆ ಸಾಕು ಎಂದು ಬರೆದಳು. ಪ್ರಭಾರ ಎಂದರೆ ತನ್ನ ಕೆಲಸದ ಜೊತೆಗೆ ಇನ್ನೊಬ್ಬರ ಕೆಲಸವನ್ನೂ ಅದೇ ಸಂಬಳಕ್ಕೆ ಮಾಡುವುದು. ಸಲಹೆ ಕೊಟ್ಟವಳು ತಾನು ತಪ್ಪಿಸಿಕೊಂಡು ಪರರ ತಲೆಗೆ ಕಟ್ಟುವುದು ಸರಿಯಲ್ಲವೆಂದು ಮೊದಲ ಪ್ರಭಾರವನ್ನು ತಾನೇ ತೆಗೆದುಕೊಂಡಳು. ಅದು ಉಗ್ರಾಣ. ಆಮೇಲೆ ಕಟ್ಟಡ ಬಂತು, ಆಮೇಲೆ ವಾಹನ. ಕಟ್ಟಕಡೆಗೆ ವೆಚ್ಚ ತನಿಖೆಯೂ ಬಂತು. ಈ ಕೊನೆಯದರ ಮುದ್ರೆ ಬೀಳದೆ ಊರಿನ ನೀರಿಗೆ, ದೀಪಕ್ಕೆ, ಯಾರ ಸಂಬಳಕ್ಕೂ ಖಜಾನೆಯಿಂದ ಬಿಡಿಗಾಸು ಹೊರಡುತ್ತಿರಲಿಲ್ಲ.

ಒಂದು ಕಾಲಕ್ಕೆ ಜನ ಕಿಕ್ಕಿರಿದು ಕೂರುತ್ತಿದ್ದ ಆ ಹಜಾರದಲ್ಲಿ ಈಗ ಸಾಲಾಗಿ ಮೇಜುಗಳು, ಅವುಗಳ ನಡುವೆ ಬೇಡಮ್ಮ ಒಬ್ಬಳು, ಬಾಗಿಲ ಪಕ್ಕದಲ್ಲಿ ಟೈಪಿಸ್ಟ್ ಒಬ್ಬಳು. ಒಂದೇ ಕುರ್ಚಿಯಲ್ಲಿ ಕೂತು ಎಲ್ಲ ಕೆಲಸ ಮಾಡಿದರೆ ಮನಸ್ಸು ಕಲಸಿಹೋಗುತ್ತದೆ ಎಂದು ಆಕೆ ಆಯಾ ಹುದ್ದೆಯ ಕೆಲಸವನ್ನು ಆಯಾ ಹುದ್ದೆಯ ಕುರ್ಚಿಯಲ್ಲೇ ಮಾಡುತ್ತಿದ್ದಳು. ಕಟ್ಟಡದ ಮೇಜಿನಿಂದ ಮೆಟ್ಟಿಲಿಗೆ ಒಂದು ಬಲ್ಬು ಬೇಕೆಂದು ಕೇಳಿ, ಎದ್ದು ಉಗ್ರಾಣದ ಮೇಜಿಗೆ ಹೋಗಿ ದಾಸ್ತಾನು ಇಲ್ಲವೆಂದು ಬರೆದು, ಎದ್ದು ಮಿತವ್ಯಯದ ಮೇಜಿಗೆ ಹೋಗಿ ಬೇಡ ಎಂದು ಬರೆದು, ವೆಚ್ಚ ತನಿಖೆಯ ಮೇಜಿನಲ್ಲಿ ಕೂತು ಅದನ್ನು ಎತ್ತಿಹಿಡಿಯುತ್ತಿದ್ದಳು. ಟೈಪಿಸ್ಟ್ ಹಗುರ ನಾಲಿಗೆಯವಳು. ಕಾಗದ ಹಿಡಿದು ಬಂದು ಉಗ್ರಾಣದ ಮೇಡಂ ಇದ್ದಾರಾ ಎಂದು ಕೇಳುತ್ತಿದ್ದಳು.

"ಇಲ್ಲ, ಊಟ ಆದ್ಮೇಲೆ ಬರ್ತಾರೆ" ಎನ್ನುತ್ತಿದ್ದಳು ಬೇಡಮ್ಮ, ತಲೆ ಎತ್ತದೆ.

ಒಮ್ಮೆ ಕತ್ತಲ ಮೆಟ್ಟಿಲಲ್ಲಿ ಕಾಲು ಉಳುಕಿಸಿಕೊಂಡು ಕುಂಟುತ್ತ ಮನೆಗೆ ಬಂದಳು. ಬಸ್ಸಿನ ಕಂಡಕ್ಟರ್ ಆಗಿ ನಿವೃತ್ತನಾದ ಗಂಡ ಬಿಸಿನೀರು ಕಾಸಿ ತಂದು ಕಾಲ ಬಳಿ ಇಟ್ಟ. ಬಲ್ಬು ಕೇಳಿ ಕೇಳಿ ಸಾಕಾಯಿತು, ಆ ವೆಚ್ಚ ತನಿಖೆಯವಳಿಗೆ ಕಣ್ಣಲ್ಲಿ ರಕ್ತ ಇಲ್ಲ ಎಂದಳು ಬೇಡಮ್ಮ.

"ಯಾರೇ ಅವಳು? ನಾನು ಬಂದು ಮಾತಾಡ್ಲಾ?"

"ನಾನೇ" ಎಂದಳು. ಆದರೂ ಸಿಟ್ಟು ಇಳಿದಿರಲಿಲ್ಲ.

ನಿವೃತ್ತಿಯ ದಿನ ಹತ್ತಿರವಾಗುತ್ತಿತ್ತು. ಅದರ ಬಗ್ಗೆ ಆಕೆ ಯಾರ ಬಳಿಯೂ ಆಡಿರಲಿಲ್ಲ, ಆದರೆ ಬಿಡುಗಡೆ ಬೇಕಾಗಿತ್ತು. ಗಂಡನಿಗೆ ಬಸ್ ಸಂಸ್ಥೆ ಒಂದು ಪಾಸು ಕೊಟ್ಟಿತ್ತು. ಗಂಡ ಹೆಂಡತಿ ಜೊತೆಯಾಗಿ ಯಾವ ಬಸ್ಸಿನಲ್ಲಿ ಎಲ್ಲಿಗೆ ಬೇಕಾದರೂ ಪುಕ್ಕಟೆ ಹೋಗಬಹುದು, ಒಬ್ಬರೇ ಹೋಗುವಂತಿಲ್ಲ. ಅವಧಿ ಮುಗಿಯುತ್ತ ಬಂದಿದ್ದರೂ ಪಾಸು ಇನ್ನೂ ಕಪಾಟಿನಲ್ಲೇ ಇತ್ತು. ಪುಕ್ಕಟೆ ಸಿಕ್ಕಿದ್ದು ದಿನದಿನವೂ ವ್ಯರ್ಥವಾಗುವುದನ್ನು ನೋಡಿಕೊಂಡು ಇರುವುದು ಬೇರೆಯವರಿಗೆ ಸಾಧ್ಯವಾದೀತು, ಬೇಡಮ್ಮನಿಗೆ ಅದು ಹಲ್ಲುನೋವಿನ ಹಾಗೆ. ಜೊತೆಗೆ ಪಿಂಚಣಿ ಬರದೆ ಮನೆ ನಡೆಯುವಂತೆಯೂ ಇರಲಿಲ್ಲ. ಕಂಡಕ್ಟರನ ಪಿಂಚಣಿ ಬಾಡಿಗೆಗೇ ಸರಿಹೋಗುತ್ತಿತ್ತು.

ಆ ದಿನ ಬಂತು. ಕಚೇರಿಯ ಮುಖ್ಯಸ್ಥರಾದ ದೊಡ್ಡ ಸಾಹೇಬರು ಚಿಕ್ಕದಾಗಿ ಭಾಷಣ ಮಾಡಿದರು. ಚಹಾಕ್ಕೆ ಮಂಜೂರಾತಿ ಇಲ್ಲದ್ದರಿಂದ ಬೇಡಮ್ಮ, ಟೈಪಿಸ್ಟ್ ಇಬ್ಬರೂ ನಿಂತೇ ಕೇಳಿದರು. ಕೊನೆಗೆ ಪ್ರಭಾರ ಹಸ್ತಾಂತರದ ಪತ್ರ ಮುಂದೆ ಬಂತು. ಅದರಲ್ಲಿ ಎರಡು ಸಹಿಗೆ ಜಾಗ. ವಹಿಸಿಕೊಟ್ಟವರು ಒಂದು ಕಡೆ, ವಹಿಸಿಕೊಂಡವರು ಇನ್ನೊಂದು ಕಡೆ. ಬೇಡಮ್ಮ ಎಡಗಡೆ ಸಹಿ ಹಾಕಿ ತಲೆ ಎತ್ತಿದಳು. ಬಲಗಡೆ ಹಾಕುವವರು ಯಾರೂ ಇರಲಿಲ್ಲ. ಟೈಪಿಸ್ಟ್ ಯಂತ್ರದ ಹಿಂದೆ ಬಗ್ಗಿ ಏನನ್ನೋ ಹುಡುಕತೊಡಗಿದಳು. ಸಾಹೇಬರೇ ಹಾಕಲಿ ಎಂದರೆ ಖರ್ಚಿಗೆ ಆದೇಶ ಕೊಡುವ ಮುಖ್ಯಸ್ಥರು ತನಿಖೆಯ ಮುದ್ರೆ ಇಟ್ಟುಕೊಳ್ಳುವಂತಿಲ್ಲ. ಹಾಗೆಂದು ಬಹಳ ಹಿಂದೆ ಬರೆದು ಜಾರಿಗೆ ತಂದವಳು ಬೇಡಮ್ಮನೇ. ಬಲಗಡೆಯ ಸಹಿ ಇಲ್ಲದೆ ಬಿಡುಗಡೆ ಇಲ್ಲ. ಏನು ಮಾಡುವುದೆಂದು ಕೇಂದ್ರ ಕಚೇರಿಗೆ ಬರೆದು ಕೇಳಿದರು.

ಉತ್ತರ ಬಂತು. ಉತ್ತರಾಧಿಕಾರಿ ಬರುವ ತನಕ ಸದರಿ ಅಧಿಕಾರಿ ಮುಂದುವರಿಯತಕ್ಕದ್ದು. ನಿವೃತ್ತಿಯ ವಯಸ್ಸು ದಾಟಿರುವುದರಿಂದ ಸಂಬಳ ಸಲ್ಲದು. ಬಿಡುಗಡೆ ಆಗದಿರುವುದರಿಂದ ಪಿಂಚಣಿ ಸಲ್ಲದು. ಬೇಡಮ್ಮ ಅದನ್ನು ತನ್ನ ಕ್ರಮದಂತೆ ಎರಡು ಸಲ ಓದಿ ತಪ್ಪು ಹುಡುಕಿದಳು. ಸಿಗಲಿಲ್ಲ. ತಾನೇ ಬರೆದಿದ್ದರೂ ಇಷ್ಟು ಅಚ್ಚುಕಟ್ಟಾಗಿ ಬರುತ್ತಿತ್ತೋ ಇಲ್ಲವೋ.

ಗಂಡ ಕಾಗದವನ್ನು ಟಿಕೆಟ್ಟಿನ ಹಾಗೆ ತಿರುಗಿಸಿ ನೋಡಿದ. "ಅಂದ್ರೆ ಇಳಿಯೋ ಸ್ಟಾಪ್ ಬಂದಿದೆ, ಬಸ್ಸು ನಿಲ್ಲಲ್ಲ, ಮೇಲೆ ಟಿಕೆಟ್ ಇಲ್ಲದವಳು ಅಂತ ನಿಲ್ಸಿದಾರೆ" ಎಂದ.

"ಕಾನೂನು ಪ್ರಕಾರ ಇದೆ" ಎಂದಳು ಬೇಡಮ್ಮ.

"ಇರ್ಲಿ ಬಿಡು. ಅನ್ನನೂ ಕಾನೂನು ಪ್ರಕಾರ ಬೇಯ್ಸೋಣ."

ಅನ್ನ ಬೆಂದದ್ದು ಗಂಡನ ತಂಗಿಯ ದಯೆಯಿಂದ. ಆ ನಾದಿನಿ ಎರಡು ಮನೆ ಆಚೆ ಬಟ್ಟೆ ಒಗೆಯುವ ಅಂಗಡಿ ಇಟ್ಟುಕೊಂಡಿದ್ದಳು. ಅಕ್ಕಿ ತಂದು ಬಾಗಿಲಲ್ಲಿ ಇಟ್ಟು, ಅತ್ತಿಗೆ ಸರ್ಕಾರವನ್ನೇ ಸಾಕುತ್ತಿದ್ದಾಳೆ, ನಾವು ಅತ್ತಿಗೆಯನ್ನು ಸಾಕುತ್ತೇವೆ ಎಂದು ಬೀದಿಗೆ ಕೇಳುವಂತೆ ಹೇಳಿಹೋಗುತ್ತಿದ್ದಳು.

ಇಷ್ಟೇ ಆಗಿದ್ದರೆ ಬೇಡಮ್ಮ ಹಲ್ಲು ಕಚ್ಚಿಕೊಂಡು ಇದ್ದುಬಿಡುತ್ತಿದ್ದಳು. ಆದರೆ ಕೇಂದ್ರ ಕಚೇರಿಯವರಿಗೆ ಈ ಏರ್ಪಾಡು ಬಹಳ ಹಿಡಿಸಿತು. ಸಂಬಳವೂ ಇಲ್ಲದೆ, ಪಿಂಚಣಿಯೂ ಇಲ್ಲದೆ, ಕೆಲಸ ಮಾತ್ರ ತೊಡಕಿಲ್ಲದೆ ನಡೆಯುವ ಇಂಥ ಮಾದರಿಯನ್ನು ಎಲ್ಲ ಕಚೇರಿಗಳೂ ಅನುಸರಿಸಬೇಕೆಂದು ಸುತ್ತೋಲೆ ಹೊರಟಿತು. ಎಲ್ಲೆಲ್ಲೋ ನಿವೃತ್ತಿಯ ಅಂಚಿನಲ್ಲಿದ್ದವರು ಅಲ್ಲಲ್ಲೇ ಸಿಕ್ಕಿಕೊಂಡರು. ಊರಿನ ನೀರೆತ್ತುವ ಪಂಪ್‌ಹೌಸಿನ ಮೇಸ್ತ್ರಿ ಕೋಲೂರಿಕೊಂಡು ಕಚೇರಿಗೆ ಬಂದ. ಹಲ್ಲು ಹೋದ ಮನುಷ್ಯ, ಕಿವಿಯೂ ಅಷ್ಟಕ್ಕಷ್ಟೆ. ಎಲ್ಲ ಮೇಜುಗಳನ್ನೂ ನೋಡಿ, ಕೊನೆಗೆ ಬೇಡಮ್ಮನ ಎದುರಿಗೆ ನಿಂತ.

"ಇದು ನೀವು ಹಾಕ್ಕೊಟ್ಟ ದಾರಿ ಅಂತಲ್ಲಮ್ಮ. ನಂಗೆ ನಿವೃತ್ತಿ ಆಗಿ ತಿಂಗಳಾಯ್ತು, ಇನ್ನೂ ಪಂಪಿನ ಮುಂದೇನೇ ಕೂತಿದೀನಿ. ಸತ್ತರಾದ್ರೂ ಬಿಡ್ತಾರಾ?"

"ಸತ್ತವರಿಗೆ ಹಸ್ತಾಂತರದ ಪತ್ರ ಬೇಕಾಗಿಲ್ಲ" ಎಂದಳು ಬೇಡಮ್ಮ. ಅದು ನಿಯಮ, ಆಕೆ ಕಟಕಿಯಾಡಿದ್ದಲ್ಲ. ಮುದುಕ ಕೋಲನ್ನು ಇನ್ನೊಂದು ಕೈಗೆ ಬದಲಿಸಿಕೊಂಡ. ಆಮೇಲೆ, ಹಾಗಾದರೆ ಅದೂ ಒಂದು ದಾರಿ ಇದೆ ಅನ್ನಿ ಎಂದು ಹೇಳಿ ಪಂಪಿಗೆ ಹೊತ್ತಾಯಿತೆಂದು ಹೊರಟುಹೋದ.

ಅವತ್ತು ಮಧ್ಯಾಹ್ನ ಬೇಡಮ್ಮ ಮಿತವ್ಯಯದ ಮೇಜಿನಲ್ಲಿ ಕೂತು, ಈ ಹುದ್ದೆಗಳಿಗೆ ಉತ್ತರಾಧಿಕಾರಿ ಒಬ್ಬರು ಬೇಕು ಎಂದು ಬರೆದಳು. ಕೈಗೆ ಅಭ್ಯಾಸವಿಲ್ಲದ ಮಾತು, ಅಕ್ಷರ ಸೊಟ್ಟಗೆ ಬಂತು. ಟೈಪಿಸ್ಟ್ ಅದನ್ನು ಟೈಪು ಮಾಡಿ, ತಪ್ಪು ಬಿದ್ದಿದೆಯೇನೋ ಎಂದು ತಂದು ತೋರಿಸಿದಳು. ತಪ್ಪಿಲ್ಲ ಎಂದಳು ಬೇಡಮ್ಮ. ಕಾಗದ ವೆಚ್ಚ ತನಿಖೆಗೆ ಹೋಯಿತು. ಆಕೆಯೂ ಎದ್ದು ಅದರ ಹಿಂದೆಯೇ ಹೋದಳು.

ಆ ಕುರ್ಚಿಯಲ್ಲಿ ಕೂತಾಗ ಕಣ್ಣೇ ಬೇರೆಯಾಗುತ್ತಿತ್ತು. ಕಾಗದ ಓದಿದಳು, ಕನ್ನಡಕ ಒರೆಸಿದಳು, ಮತ್ತೆ ಓದಿದಳು. ಹಾಲಿ ಅಧಿಕಾರಿ ಒಂದು ಪೈಸೆ ತೆಗೆದುಕೊಳ್ಳದೆ ಕೆಲಸವನ್ನು ಚೆನ್ನಾಗಿ ನಡೆಸುತ್ತಿದ್ದಾರೆ. ಇವರ ಬದಲು ಸಂಬಳ ಕೊಟ್ಟು ಬೇರೆಯವರನ್ನು ತರದಿದ್ದರೆ ಸರ್ಕಾರಕ್ಕೆ ಆಗುವ ನಷ್ಟವೇನು, ವಿವರಿಸಿ ಎಂದು ಬರೆದು ಕಾಗದವನ್ನು ವಾಪಸು ಕಳಿಸಿದಳು. ಎದ್ದು ಮಿತವ್ಯಯದ ಮೇಜಿಗೆ ಬಂದು ಆ ಪ್ರಶ್ನೆ ನೋಡಿದಳು. ಪ್ರಶ್ನೆ ನ್ಯಾಯವಾಗಿತ್ತು. ನನಗೆ ಸಾಕಾಗಿದೆ ಎಂದು ಬರೆಯಬಹುದಿತ್ತು, ಆದರೆ ಅದು ಸರ್ಕಾರದ ನಷ್ಟವಲ್ಲ. ಪಾಸು ಹಾಳಾಗುತ್ತಿದೆ ಎಂದರೆ ಅದು ಬಸ್ ಸಂಸ್ಥೆಗೆ ಲಾಭ. ಸುಳ್ಳು ಬರೆದು ಗೊತ್ತಿರಲಿಲ್ಲ. ಆ ವಾರವೆಲ್ಲ ಈ ಮೇಜಿನಿಂದ ಆ ಮೇಜಿಗೆ ನಡೆದು ನಡೆದು ಉಳುಕಿದ ಕಾಲು ಮತ್ತೆ ನೋಯತೊಡಗಿತು.

ದಾರಿ ತೋರಿಸಿದವನು ಗಂಡ. ಉಗುರು ಕತ್ತರಿಸಿಕೊಳ್ಳುತ್ತ, ಅವಳ ಕಡೆ ನೋಡದೆ ಹೇಳಿದ. "ನಷ್ಟ ಏನು ಅಂತ ಕೇಳ್ತಿದಾಳಲ್ಲ ಅವಳು, ನೀನು ಕೆಲಸ ಮಾಡ್ತಾ ಇದ್ರೆ ನಷ್ಟ ಎಲ್ಲಿಂದ ಆಗುತ್ತೆ? ಮನೇಲಿ ಕೂತ್ಕೋ. ಆಗ್ಲಿ, ಏನಾಗುತ್ತೆ ನೋಡೋಣ."

ಬೇಡಮ್ಮ ಸೇವೆಯಲ್ಲಿ ಒಂದು ದಿನವೂ ಹೇಳದೆ ಕೇಳದೆ ತಪ್ಪಿಸಿಕೊಂಡವಳಲ್ಲ. ರಜೆ ಕೇಳಿದರೆ ಮಂಜೂರು ಮಾಡಬೇಕಾದವಳು ತಾನೇ, ಮಾಡುತ್ತಿರಲಿಲ್ಲ. ಹಾಗಾಗಿ ಕೇಳಲೇ ಇಲ್ಲ. ವಹಿಸಿಕೊಳ್ಳುವವರಿಲ್ಲದ ಮುದ್ರೆಯನ್ನು ಬಟ್ಟೆಯಲ್ಲಿ ಸುತ್ತಿ ಮನೆಗೆ ತಂದು ಕಪಾಟಿನಲ್ಲಿ ಇಟ್ಟಳು. ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಕಚೇರಿಯ ಉಡುಪು ಹಾಕಿಕೊಂಡು, ಮುಂಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಳು.

ಮೊದಲ ಕೆಲವು ದಿನ ಏನೂ ಆಗಲಿಲ್ಲ. ಹುಡುಕಿಕೊಂಡು ಯಾರೂ ಬರಲಿಲ್ಲ. ಇದು ಆಕೆ ಎಣಿಸಿರದ ಪೆಟ್ಟು. ಒಬ್ಬಳು ಮನೆಯಲ್ಲಿ ಕೂತರೆ ಸರ್ಕಾರಕ್ಕೆ ಗೊತ್ತೇ ಆಗುವುದಿಲ್ಲ ಎಂದಾದರೆ, ಇಷ್ಟು ವರ್ಷ ಆ ಹುದ್ದೆಗೆ ಸುರಿದ ಸಂಬಳವೇ ದಂಡ. ಅದನ್ನು ಮೊದಲೇ ಕಂಡುಹಿಡಿದು ಬೇಡ ಎಂದು ಬರೆಯಬೇಕಾಗಿದ್ದವಳೂ ತಾನೇ. ಊಟದ ತಟ್ಟೆಯ ಮುಂದೆ ಕೂತು ಇದನ್ನೇ ಗುಣಿಸುತ್ತಿದ್ದಳು. ಗಂಡ ಪಾಸು ತೆಗೆದು ಧೂಳು ಒರೆಸಿ ಮತ್ತೆ ಒಳಗಿಟ್ಟ.

ತಿಂಗಳು ಕಳೆಯಿತು. ಟೈಪಿಸ್ಟ್ ಒಂದು ಲಕೋಟೆ ತಂದುಕೊಟ್ಟಳು. ಕೇಂದ್ರ ಕಚೇರಿಯ ಅಭಿನಂದನೆ. ಈ ಕಚೇರಿ ಸ್ಥಾಪನೆಯಾದ ಮೇಲೆ ಯಾವ ತಿಂಗಳಲ್ಲೂ ಇಷ್ಟು ಕಡಿಮೆ ಖರ್ಚಾಗಿರಲಿಲ್ಲವಂತೆ. ಆಗಿದ್ದ ಖರ್ಚು ಸೊನ್ನೆ. ಮುದ್ರೆ ಬಟ್ಟೆಯೊಳಗೆ ಇದ್ದುದರಿಂದ ಬೇಡ ಎನ್ನಬೇಕಾದ ಬಿಲ್ಲೂ ಹೋಗಲಿಲ್ಲ, ಬೇಕು ಎನ್ನಬೇಕಾದ ಬಿಲ್ಲೂ ಹೋಗಲಿಲ್ಲ. ಬೇಡಮ್ಮ ಕನ್ನಡಕ ಒರೆಸಿ ಆ ಕಾಗದವನ್ನು ಮತ್ತೊಮ್ಮೆ ಓದಿದಳು. ತಾನು ಕೂತು ದುಡಿದಾಗ ಆಗದಿದ್ದ ಉಳಿತಾಯ, ತಾನು ಎದ್ದು ಬಂದ ಕೂಡಲೆ ಆಗಿತ್ತು.

"ನಂದೂ ಸಂಬಳ ಆಗಿಲ್ಲ ಮೇಡಂ" ಎಂದಳು ಟೈಪಿಸ್ಟ್. ಈ ಸಲ ಅವಳ ಮಾತಿನಲ್ಲಿ ತಮಾಷೆ ಇರಲಿಲ್ಲ.

ಡೀಸೆಲ್ಲಿನ ಬಿಲ್ಲು ಹೋಗದೆ ಪಂಪು ನಿಂತಿತು. ಮೇಸ್ತ್ರಿ ಮಾತ್ರ ನಿಂತ ಪಂಪಿನ ಮುಂದೆ ದಿನವೂ ಹೋಗಿ ಕೂತು ಬರುತ್ತಿದ್ದ, ಅವನಿಗೂ ಬಿಡುಗಡೆ ಇರಲಿಲ್ಲ. ನಲ್ಲಿಗಳು ಒಂದೆರಡು ದಿನ ಕೆಮ್ಮಿ ಸುಮ್ಮನಾದವು. ಜನ ಕೊಡ ಹಿಡಿದುಕೊಂಡು ದೂರದ ಬಾವಿಗೆ ಹೋಗತೊಡಗಿದರು, ಹೋಗುವಾಗ ಬೇಡಮ್ಮನ ಬಾಗಿಲ ಮುಂದೆ ಅಗತ್ಯಕ್ಕಿಂತ ಜೋರಾಗಿ ಕೆಮ್ಮಿದರು. ಬೇಡಮ್ಮ ಕುರ್ಚಿಯಿಂದ ಏಳಲಿಲ್ಲ. ತಾನೂ ಕೊಡ ಹಿಡಿದು ಹೊರಟರೆ ನೀರು ತಂದಂತಾಗುತ್ತದೆ, ಉತ್ತರ ಸಿಕ್ಕಂತಾಗುವುದಿಲ್ಲ.

ಉತ್ತರ ಸಿಕ್ಕಿದ್ದು ಆ ಕುರ್ಚಿಯಲ್ಲೇ. ನೀರಿಲ್ಲದೆ ನಾದಿನಿಯ ಅಂಗಡಿಯಲ್ಲಿ ಬಟ್ಟೆಯ ಗಂಟುಗಳು ಹಾಗೆಯೇ ಕೂತಿದ್ದವು. ಗಿರಾಕಿಗಳು ಬಂದು ಜಗಳ ತೆಗೆದರು. ನಾದಿನಿ ಬೈಗುಳಕ್ಕೆ ಬೈಗುಳ ಕೊಟ್ಟಳು, ಆದರೆ ಗಂಟಿನ ಜೊತೆಗೆ ಅವರು ಮುಂಗಡ ಕೊಟ್ಟಿದ್ದ ಹಣವನ್ನೂ ವಾಪಸು ಕೊಟ್ಟಳು. ಇದನ್ನು ಬೇಡಮ್ಮ ನೋಡುತ್ತಿದ್ದಳು. ಒಗೆಯದೆ ಉಳಿದ ಸೋಪನ್ನು ನಾದಿನಿ ಲಾಭ ಎಂದು ಬರೆದುಕೊಳ್ಳಲಿಲ್ಲವಲ್ಲ ಎಂದು ಯೋಚಿಸಿದಳು. ಊರಿನ ಪ್ರತಿ ಮನೆಯೂ ವರ್ಷದ ನೀರಿನ ತೆರಿಗೆಯನ್ನು ಮುಂಗಡವಾಗಿಯೇ ಕಟ್ಟಿತ್ತು. ನೀರು ಹೋಗಿಲ್ಲ. ಹಣವೂ ವಾಪಸು ಹೋಗಿಲ್ಲ. ಹಾಗಿದ್ದ ಮೇಲೆ ಆ ಸೊನ್ನೆ ಉಳಿತಾಯ ಹೇಗಾದೀತು? ಅದು ಇನ್ನೂ ತೀರಿಸದ ಸಾಲ. ದರ್ಜಿಯ ದಾರದ ಎಳೆಯನ್ನು ಯಾರೂ ಕದ್ದಿರಲಿಲ್ಲ, ಯಾರೂ ಹೊಲಿದೂ ಇರಲಿಲ್ಲ. ಅವನಿಗೆ ಎರಡೂ ಒಂದೇ.

ಆಕೆ ಎದ್ದು ಕಾಗದ ಹುಡುಕುವಷ್ಟರಲ್ಲಿ ದೊಡ್ಡ ಸಾಹೇಬರೇ ಬಂದರು. ಬಂದವರ ಷರ್ಟಿಗೆ ಇಸ್ತ್ರಿ ಇರಲಿಲ್ಲ, ಮುಖಕ್ಕೂ ಇರಲಿಲ್ಲ. ಗಂಡ ಕುರ್ಚಿ ಹಾಕಿ, ಚಹಾಕ್ಕೆ ನೀರಿಲ್ಲವೆಂದು ಮೊದಲೇ ತಿಳಿಸಿದ. ಸಾಹೇಬರು ಬೇಡಮ್ಮ ಬರಲೇಬೇಕೆಂದು ಕೇಳಿಕೊಂಡರು, ಹೆಂಡತಿ ಮಕ್ಕಳ ಮುಂದೆ ತಲೆ ಎತ್ತಲಾಗುತ್ತಿಲ್ಲ ಎಂದರು. ಕಚೇರಿಗೆ ನಷ್ಟವಾಗಿದೆಯೆಂದು ಬರೆದುಕೊಡಿ ಎಂದಳು ಬೇಡಮ್ಮ.

"ಅಭಿನಂದನೆ ಬಂದ ಮೇಲೆ ನಷ್ಟ ಅಂತ ಹೇಗಮ್ಮ ಬರೆಯೋದು? ನನ್ನ ಸಂಬಳ ನಿಂತಿದೆ ಅಂತ ಬರೀಲಾ?"

"ಅದು ಅವರ ಲೆಕ್ಕದಲ್ಲಿ ಉಳಿತಾಯ."

"ಪಂಪು ನಿಂತಿದೆ ಅಂತ?"

"ಡೀಸೆಲ್ ಉಳೀತು ಅಂತಾರೆ. ಅದೆಲ್ಲ ಬೇಡ ಸಾರ್. ನೀರು ಬಿಡದ ದಿನಗಳ ತೆರಿಗೇನ ಪ್ರತಿ ಮನೆಗೂ ವಾಪಸ್ ಕೊಡಬೇಕು ಅಂತ ಬರೀರಿ."

ಸಾಹೇಬರು ಕುರ್ಚಿಯ ಕೈ ಹಿಡಿದುಕೊಂಡರು. "ವಾಪಸ್ಸಾ? ಸರ್ಕಾರ ಯಾವತ್ತಾದ್ರೂ ವಾಪಸ್ ಕೊಟ್ಟಿದ್ದು ಕೇಳಿದೀರಾ?"

"ಇಲ್ಲ. ಅದಕ್ಕೇ ಬೇಗ ಬರೀರಿ. ಓದಿದ ಕೂಡ್ಲೆ ಅವರಿಗೂ ನಿಮ್ಮ ಹಾಗೇ ಆಗುತ್ತೆ."

ಒಳಗಿನಿಂದ ಗಂಡ, ಚಿಲ್ಲರೆ ಇಲ್ಲ ಅಂತ ಹೇಳುವ ಹಾಗಿಲ್ಲ ಸಾಹೇಬರೇ, ನಾನು ಹೇಳಿ ಹೇಳಿ ಬೈಸಿಕೊಂಡಿದ್ದೀನಿ ಎಂದ. ಸಾಹೇಬರು ಬರೆದರು.

ಮರುದಿನ ಬೇಡಮ್ಮ ಮುದ್ರೆಯ ಜೊತೆಗೆ ಕಚೇರಿಗೆ ಹೋದಳು. ಮಿತವ್ಯಯದ ಮೇಜಿನಲ್ಲಿ ಕೂತು, ಕೇಳಿದ್ದ ಪ್ರಶ್ನೆಗೆ ಉತ್ತರ ಬರೆದಳು. ಉತ್ತರಾಧಿಕಾರಿ ಇಲ್ಲದಿದ್ದರೆ ಊರಿಗೆಲ್ಲ ತೆರಿಗೆ ಹಿಂತಿರುಗಿಸಬೇಕಾಗುತ್ತದೆ, ಅದರ ಮುಂದೆ ಒಬ್ಬ ಅಧಿಕಾರಿಯ ಸಂಬಳ ಏನೇನೂ ಅಲ್ಲ. ಎದ್ದು ವೆಚ್ಚ ತನಿಖೆಯ ಮೇಜಿಗೆ ಹೋಗಿ ಓದಿದಳು. ಅಲ್ಲಿ ಕೂತು ಎಷ್ಟು ಹುಡುಕಿದರೂ ಉತ್ತರದಲ್ಲಿ ತೂತು ಕಾಣಲಿಲ್ಲ. ಆ ಕುರ್ಚಿಯಲ್ಲಿ ಕೂತವಳು ಮೊದಲ ಸಲ ಸೋತು, ಮುದ್ರೆ ಒತ್ತಿದಳು. ಆಮೇಲೆ ಡೀಸೆಲ್ಲಿನ ಬಿಲ್ಲು, ಸಂಬಳದ ಬಿಲ್ಲು, ಬೀದಿ ದೀಪದ ಬಿಲ್ಲುಗಳನ್ನು ಮುಗಿಸಿದಳು. ನಿಲ್ಲಿಸಬೇಕಾದವನ್ನು ನಿಲ್ಲಿಸಿದಳು. ಸಂಜೆಯ ಹೊತ್ತಿಗೆ ನಲ್ಲಿಗಳು ಮತ್ತೆ ಕೆಮ್ಮಿದವು.

ಹಿಂತಿರುಗಿಸುವುದು ಎಂಬ ಮಾತು ಕೇಂದ್ರ ಕಚೇರಿಯಲ್ಲಿ ಬೆಂಕಿ ಬಿದ್ದಂತೆ ಕೆಲಸ ಮಾಡಿತು. ಅಭಿನಂದನೆ ಬರಲು ಹಿಡಿದದ್ದಕ್ಕಿಂತ ಬೇಗ ಉತ್ತರಾಧಿಕಾರಿ ಬಂದಿಳಿದಳು. ಚಿಕ್ಕ ವಯಸ್ಸಿನವಳು, ಗಟ್ಟಿಯಾಗಿ ಮಾತಾಡಿ ಅಭ್ಯಾಸವಿಲ್ಲದವಳು, ಏನು ಹೇಳಿದರೂ ಹೂಂ ಎನ್ನುವವಳು. ಬೇಡಮ್ಮ ಒಂದೊಂದೇ ಮೇಜಿನ ಹತ್ತಿರ ಕರೆದುಕೊಂಡು ಹೋಗಿ, ಪ್ರತಿ ಮೇಜಿನಲ್ಲೂ ಅವಳನ್ನು ಕೂರಿಸಿ, ಕಡತ ಎಣಿಸಿ ಕೊಟ್ಟಳು. ಎಲ್ಲದಕ್ಕೂ ಬಲಗಡೆ ಸಹಿ ಬಿತ್ತು. ಬಿಡುಗಡೆಯ ಆದೇಶ ಟೈಪಾಗುವ ತನಕ ಬೇಡಮ್ಮ ಹೊರಗಿನವರಿಗೆಂದು ಹಾಕಿದ ಬೆಂಚಿನಲ್ಲಿ ಕೂತಳು. ಇಷ್ಟು ವರ್ಷ ಜನರನ್ನು ಕಾಯಿಸಿದ್ದ ಬೆಂಚು. ಒಂದು ಕಾಲು ಗಿಡ್ಡ ಎಂಬುದು ಆಗ ಗೊತ್ತಾಯಿತು.

ಸಾಹೇಬರು ಕೈ ಉಜ್ಜಿಕೊಳ್ಳುತ್ತ ಬಂದರು. ಮಗು ಹೊಸಬಳು, ಒಂದಷ್ಟು ದಿನ ಜೊತೆಗಿದ್ದು ಕೈಹಿಡಿದು ನಡೆಸಿದರೆ ಒಳ್ಳೆಯದು, ಗೌರವ ಸೇವೆ ಎಂದು ಇಟ್ಟುಕೊಳ್ಳೋಣ, ಖರ್ಚೇನೂ ಬರುವುದಿಲ್ಲ ಎಂದರು. ಆ ದನಿ ಬೇಡಮ್ಮನಿಗೆ ಚೆನ್ನಾಗಿ ಪರಿಚಯವಿತ್ತು. ಹೂಂ ಎಂದು ತಲೆಯಾಡಿಸಿದರೆ ಇನ್ನೊಂದು ಮೇಜು. ಆಕೆ ಟೈಪಿಸ್ಟ್ ಕಡೆ ಕೈ ಚಾಚಿದಳು. ಟೈಪಿಸ್ಟ್ ಯಂತ್ರದಿಂದ ಕಾಗದ ಎಳೆದು, ಶಾಯಿ ಒಣಗುವ ಮುಂಚೆಯೇ ಕೈಗಿಟ್ಟಳು.

ಆ ಹೊತ್ತಿಗೆ ಹೊಸಬಳ ಮೇಜಿಗೆ ಮೊದಲ ಬಿಲ್ಲು ಬಂದಿತ್ತು. ಬೆಂಚಿನಿಂದಲೇ ತಲೆಕೆಳಗಾಗಿ ಓದುವ ವಿದ್ಯೆ ಬೇಡಮ್ಮನಿಗಿತ್ತು. ಕೇಂದ್ರ ಕಚೇರಿಯ ಅಪ್ಪಣೆಯಂತೆ, ಈ ಕಚೇರಿಯ ಮಿತವ್ಯಯದ ಸಾಧನೆಯನ್ನು ಕೆತ್ತಿದ ನುಣುಪು ಕಲ್ಲಿನ ಫಲಕ ಒಂದು. ಕೆತ್ತನೆಯ ಕೂಲಿ, ಸಾಗಣೆ, ಅನಾವರಣಕ್ಕೆ ಬರುವವರ ಪ್ರಯಾಣ ಭತ್ಯೆ, ಊಟ. ಒಟ್ಟು ಮೊತ್ತ ಓದಿ ಬೇಡಮ್ಮನ ಬಲಗೈ ಬೆರಳುಗಳು ತಾವಾಗಿಯೇ ಪೆನ್ನು ಹಿಡಿದಂತೆ ಮಡಚಿಕೊಂಡವು.

"ಅಮ್ಮ" ಎಂದಳು ಹೊಸಬಳು, ಬಿಲ್ಲನ್ನು ಅರ್ಧ ಎತ್ತಿ. "ಇದು ಸರಿ ಇದ್ಯಾ, ಒಂದ್ಸಲ ನೋಡ್ತೀರಾ?"

ಸಾಹೇಬರು ಕುರ್ಚಿಯೊಂದನ್ನು ಹತ್ತಿರ ಎಳೆದೇಬಿಟ್ಟರು.

"ನಾನೀಗ ಹೊರಗಿನವಳು ಕಣಮ್ಮ" ಎಂದಳು ಬೇಡಮ್ಮ. "ಹೊರಗಿನವರಿಗೆ ಕಡತ ತೋರಿಸಬಾರದು. ಮುಚ್ಚು."

ಹೊಸಬಳ ಮುಖ ಕೆಂಪಾಯಿತು. ಕಡತ ಮುಚ್ಚಿದಳು. ಆಮೇಲೆ ಅದನ್ನು ಯಾವಾಗ ತೆರೆದಳು, ತೆರೆದು ಏನು ಬರೆದಳು ಎಂಬುದನ್ನು ಬೇಡಮ್ಮ ಯಾರನ್ನೂ ಕೇಳಲಿಲ್ಲ. ಆಕೆ ಮೆಟ್ಟಿಲಿಳಿದು ಬರುವಾಗ ಮಂಜೂರಾತಿಗೆ ಕಾಯದ ಗಾರೆಯವನೊಬ್ಬ ಹೊರಗೋಡೆಗೆ ಏಣಿ ಹಾಕಿ ಫಲಕಕ್ಕೆ ತೂತು ಕೊರೆಯುತ್ತಿದ್ದ. ಸುಣ್ಣದ ಪುಡಿ ಆಕೆಯ ಭುಜದ ಮೇಲೆ ಉದುರಿತು. ಜೋಪಾನ ಅಮ್ಮ, ಪಕ್ಕಕ್ಕೆ ಹೋಗಿ ಎಂದು ಮೇಲಿನಿಂದ ಕೂಗಿದ. ಆಕೆ ಪುಡಿಯನ್ನು ಕೊಡವಿಕೊಂಡು, ಅವನು ಹೇಳಿದ ಹಾಗೆ ಪಕ್ಕಕ್ಕೆ ಹೋದಳು.